ಪಾಠವಿಲ್ಲದ ಕಲ್ಲು: ನ್ಯೂ ಮೆಕ್ಸಿಕೊದ ಪ್ವೆಬ್ಲೊ ಕುಟ್ಟುಚಿತ್ರಗಳ ನಡುವೆ

(ದತ್ತಿ ಉಪನ್ಯಾಸದ ಲಿಖಿತ ರೂಪ)



ಕಾಲೇಜಿನಲ್ಲಿ ಇತಿಹಾಸ ಹೇಳಿಕೊಡುತ್ತಿದ್ದ ಮೂವತ್ತು ವರ್ಷ ನನ್ನ ಭಾನುವಾರಗಳೆಲ್ಲ ಶಾಸನಗಳ ಹಿಂದೆ ಹೋದವು. ಊರ ಮುಂದಿನ ಕಲ್ಲು, ಕೆರೆ ಏರಿಯ ಕಲ್ಲು, ಯಾರದೋ ಹಿತ್ತಿಲಲ್ಲಿ ಬಟ್ಟೆ ಒಗೆಯಲು ಹಾಕಿಕೊಂಡ ಕಲ್ಲು, ಎಲ್ಲಿ ನಾಲ್ಕು ಅಕ್ಷರ ಇದೆಯೆಂದು ಸುದ್ದಿ ಬಂದರೂ ಬ್ರಷ್ಷು, ಕಾಗದ, ಮಸಿ ಹೊತ್ತು ಹೊರಟುಬಿಡುತ್ತಿದ್ದೆ. ನನ್ನ ಟಿಪ್ಪಣಿ ಪುಸ್ತಕದ ಪ್ರತಿ ಪುಟದಲ್ಲೂ ಐದು ಅಂಕಣ ಎಳೆದಿಟ್ಟುಕೊಂಡಿದ್ದೆ: ಸ್ಥಳ, ಕಾಲ, ಅರಸು, ಲಿಪಿ, ಪಾಠ. ಮೊದಲ ನಾಲ್ಕನ್ನು ಬೇಗ ಬೇಗ ತುಂಬಿ ಐದನೆಯದಕ್ಕೆ ಕೂರುತ್ತಿದ್ದೆ. ಶಾಸನದ ಕೆಲಸ ಮಾಡಿದವರಿಗೆ ಕಲ್ಲೆಂದರೆ ಪಾಠ. ಕಲ್ಲು ಏನು ಹೇಳುತ್ತಿದೆ ಎಂಬ ಒಂದೇ ಪ್ರಶ್ನೆ ಹಿಡಿದು ಅದರ ಮುಂದೆ ಕುಕ್ಕರಗಾಲಲ್ಲಿ ಕೂತವರು ನಾವು.

ಅಂಥ ಅಭ್ಯಾಸ ಹೊತ್ತುಕೊಂಡು ಒಂದು ಅಕ್ಟೋಬರ್ ತಿಂಗಳಲ್ಲಿ ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯಕ್ಕೆ ಹೋದೆ. ಮಗಳು ಅಲ್ಬುಕರ್ಕಿ ನಗರದಲ್ಲಿ ಕೆಲಸದಲ್ಲಿದ್ದಳು. ಆ ಊರಿನ ಪಡುವಣ ಅಂಚಿನಲ್ಲೇ ಪೆಟ್ರೊಗ್ಲಿಫ್ ರಾಷ್ಟ್ರೀಯ ಸ್ಮಾರಕ ಇದೆ. ಪೆಟ್ರೊಗ್ಲಿಫ್ ಎಂದರೆ ಗ್ರೀಕಿನಲ್ಲಿ ಕಲ್ಲು ಮತ್ತು ಕೆತ್ತುವುದು. ನಮ್ಮ ಪುರಾತತ್ವದವರು ಕುಟ್ಟುಚಿತ್ರ ಎನ್ನುತ್ತಾರೆ. ನನಗೆ ಕನ್ನಡದ ಮಾತೇ ಹೆಚ್ಚು ನಿಖರವಾಗಿ ಕಾಣುತ್ತದೆ, ಏಕೆಂದರೆ ಅವನ್ನು ಮಾಡಿದ್ದು ಕುಟ್ಟಿಯೇ. 1990ರಲ್ಲಿ ಈ ಜಾಗವನ್ನು ಸ್ಮಾರಕವೆಂದು ಘೋಷಿಸಿದರು. 7,236 ಎಕರೆ, 17 ಮೈಲಿ ಉದ್ದದ ಕಪ್ಪು ಕಲ್ಲಿನ ದಂಡೆ, ಅದರ ಮೇಲೆ ಸುಮಾರು 24,000 ಚಿತ್ರಗಳು. ನಾನು ಎರಡು ದಿನ ಇಟ್ಟುಕೊಂಡಿದ್ದೆ. ಕೊನೆಗೆ ಮೂರು ವಾರ ಅದರ ಸುತ್ತಲೇ ಕಳೆದುಹೋಯಿತು.

ಮೊದಲು ಕಲ್ಲಿನ ಮಾತು. ಕಲ್ಲನ್ನು ತಿಳಿಯದೆ ಅದರ ಮೇಲಿನ ಚಿತ್ರ ತಿಳಿಯುವುದಿಲ್ಲ.

ನಗರದಿಂದ ಪಡುವಲಿಗೆ ನೋಡಿದರೆ ಬಾನಂಚಿನಲ್ಲಿ ಸಾಲಾಗಿ ಐದು ಸಣ್ಣ ಗುಡ್ಡ ಕಾಣುತ್ತವೆ. ಅವು ಆರಿದ ಜ್ವಾಲಾಮುಖಿಗಳು. ಒಂದೂವರೆ ಎರಡು ಲಕ್ಷ ವರ್ಷಗಳ ಹಿಂದೆ ಅಲ್ಲಿ ನೆಲ ಉದ್ದಕ್ಕೆ ಬಿರುಕು ಬಿಟ್ಟು ಲಾವಾ ಉಕ್ಕಿತು. ನೀರಿನಂತೆ ಲಾವಾ ಕೂಡ ತಗ್ಗನ್ನೇ ಹುಡುಕಿಕೊಂಡು ಹೋಗುತ್ತದೆ. ರಿಯೊ ಗ್ರಾಂಡೆ ನದಿಯ ಕಡೆಗೆ ಇಳಿಯುವ ಹಳ್ಳಗಳಲ್ಲಿ ಹರಿದು ಅಲ್ಲೇ ಹೆಪ್ಪುಗಟ್ಟಿತು. ಆಮೇಲೆ ಸುತ್ತಲಿನ ಮರಳುಮಣ್ಣು ಮಳೆಗೆ, ಗಾಳಿಗೆ ಸವೆಯುತ್ತ ಬಂತು. ಗಟ್ಟಿ ಬಸಾಲ್ಟ್ ಹಾಸು ಮಾತ್ರ ನಿಂತಿತು. ಹೀಗಾಗಿ ಅಂದಿನ ಹಳ್ಳ ಇಂದಿನ ದಿಣ್ಣೆ. ಹಾಸಿನ ಅಂಚಿನಡಿಯ ಮಣ್ಣು ಜಾರಿದಂತೆಲ್ಲ ಮೇಲಿನ ಕಲ್ಲು ಮುರಿದು, ಗುಂಡುಗುಂಡಾಗಿ ಇಳಿಜಾರಿನಲ್ಲಿ ಉರುಳಿ ನಿಂತಿತು. ನಾವು ನೋಡುವ ಚಿತ್ರಗಳೆಲ್ಲ ಇರುವುದು ಹೀಗೆ ಉರುಳಿ ನಿಂತ ಗುಂಡುಗಳ ಮೈಮೇಲೆ.

ಈ ಬಸಾಲ್ಟಿನ ಒಳಮೈ ಬೂದು ಬಣ್ಣ. ಹೊರಮೈ ಮಾತ್ರ ಬಾಣಲೆಯ ತಳದಂತೆ ಕಪ್ಪು. ಒಣ ಹವೆಯ ನಾಡಿನಲ್ಲಿ ಕಲ್ಲಿನ ಮೇಲೆ ಬಂದು ಕೂರುವ ಧೂಳಿನ ಜೇಡಿ, ಅದರ ಜೊತೆಯ ಮ್ಯಾಂಗನೀಸ್ ಮತ್ತು ಕಬ್ಬಿಣದ ಅಂಶ ಸೇರಿ ಸಾವಿರಾರು ವರ್ಷಗಳಲ್ಲಿ ಕೂದಲೆಳೆಗಿಂತ ತೆಳುವಾದ ಒಂದು ಪೊರೆ ಕಟ್ಟುತ್ತದೆ. ಅದಕ್ಕೆ ಮರುಭೂಮಿಯ ವಾರ್ನಿಶ್ ಎಂಬ ಹೆಸರು. ಕುಟ್ಟುಚಿತ್ರವೆಂದರೆ ಆ ಪೊರೆಯನ್ನು ಬೇಕಾದಲ್ಲಿ ಮಾತ್ರ ಎಬ್ಬಿಸಿ ಒಳಗಿನ ಬೂದುಬಣ್ಣವನ್ನು ಹೊರಗೆ ತರುವುದು. ಕೈಯಲ್ಲಿ ಒಂದು ಗಟ್ಟಿ ಕಲ್ಲು ಹಿಡಿದು ನೇರವಾಗಿ ಕುಟ್ಟಿದರೆ ಒಂದು ಬಗೆ. ಒಂದು ಕಲ್ಲನ್ನು ಉಳಿಯಂತೆ ಇಟ್ಟು ಇನ್ನೊಂದರಿಂದ ಅದರ ತಲೆಗೆ ಹೊಡೆದರೆ ಇನ್ನೊಂದು ಬಗೆ. ಎರಡನೆಯದರಲ್ಲಿ ಗೆರೆ ಕೈಗೆ ಸಿಗುತ್ತದೆ. ಹತ್ತಿರ ಹೋಗಿ ನೋಡಿದಾಗ ಒಂದೊಂದು ಗೆರೆಯೂ ನೂರಾರು ಚುಕ್ಕೆಗಳಾಗಿ ಒಡೆಯುತ್ತದೆ. ಒಂದೊಂದು ಚುಕ್ಕೆಯೂ ಒಂದೊಂದು ಏಟು. ಕಪ್ಪು ಪೊರೆ ಒಮ್ಮೆ ಹೋದರೆ ಮತ್ತೆ ಬರಲು ಸಾವಿರಾರು ವರ್ಷ ಬೇಕಾದ್ದರಿಂದ ಅಲ್ಲಿ ತಪ್ಪಿದ ಏಟನ್ನು ತಿದ್ದಲು ಬರುವುದಿಲ್ಲ. ಆ ಗುಂಡುಗಳ ಮೇಲೆ ತಪ್ಪಿದ ಏಟುಗಳನ್ನು ನಾನು ಹುಡುಕಿದೆ. ಬಲು ಅಪರೂಪ.

ಈ ಕೆಲಸ ನನಗೆ ಹೊಸದಾಗಿರಲಿಲ್ಲ. ಬಳ್ಳಾರಿಯ ಪಕ್ಕದ ಸಂಗನಕಲ್ಲು, ಕುಪ್ಪಗಲ್ಲಿನ ಹಿರೇಗುಡ್ಡದ ಮೇಲೆ ಕಪ್ಪು ಡಾಲರೈಟ್ ಕಲ್ಲಿನ ಒಂದು ಸಾಲು ಹಾದುಹೋಗಿದೆ. ಅದರ ಮೇಲೂ ಕಲ್ಲಿನಿಂದ ಕಲ್ಲಿಗೆ ಕುಟ್ಟಿ ಮಾಡಿದ ಹಿಣಿಲೆತ್ತಿದ, ಉದ್ದ ಕೊಂಬಿನ ಎತ್ತುಗಳಿವೆ. ಅಲ್ಲಿ ಕೆಲವು ಬಂಡೆಗಳು ಕುಟ್ಟಿದರೆ ಗಂಟೆಯಂತೆ ನಾದ ಕೊಡುತ್ತವೆ. 1892ರಲ್ಲೇ ಫಾಸೆಟ್ ಎಂಬ ಆಂಗ್ಲರು ಇವುಗಳ ಬಗ್ಗೆ ಬರೆದರು. ಕುಪ್ಪಗಲ್ಲಿನಲ್ಲಿ ಕುಟ್ಟಿದವರಿಗೂ ನ್ಯೂ ಮೆಕ್ಸಿಕೊದಲ್ಲಿ ಕುಟ್ಟಿದವರಿಗೂ ಯಾವ ಸಂಬಂಧವೂ ಇಲ್ಲ. ಎರಡು ಭೂಖಂಡ, ಸಾವಿರಾರು ವರ್ಷಗಳ ಅಂತರ. ಆದರೆ ಕಪ್ಪು ಹೊರಮೈ, ತಿಳಿ ಒಳಮೈ ಇರುವ ಕಲ್ಲಿನ ಮುಂದೆ ನಿಂತ ಮನುಷ್ಯನ ಕೈಗೆ ಎರಡೂ ಕಡೆ ಒಂದೇ ಉಪಾಯ ಹೊಳೆದಿದೆ. ಕುಪ್ಪಗಲ್ಲನ್ನು ನೋಡಿದ್ದರಿಂದಲೇ ಅಲ್ಬುಕರ್ಕಿಯ ಮೊದಲ ಗುಂಡಿನ ಮುಂದೆ ನನಗೆ ಬೇರೆ ದೇಶಕ್ಕೆ ಬಂದಿದ್ದೇನೆ ಎನ್ನಿಸಲಿಲ್ಲ. ಅದೇ ಧೈರ್ಯದಲ್ಲಿ ಕೈ ಚಾಚಿದೆ.

“ಅಪ್ಪಾ, ಮುಟ್ಟಬೇಡಿ!” ಎಂದಳು ಮಗಳು.

ಶಾಸನದವನ ಕೈ ಕಲ್ಲಿಗೆ ತಾನಾಗಿ ಹೋಗುತ್ತದೆ. ಸವೆದ ಅಕ್ಷರವನ್ನು ಕಣ್ಣಿಗಿಂತ ಮೊದಲು ಬೆರಳು ಓದುತ್ತದೆ. ಕಣ್ಣಿಗೆ ಕಾಣದಿದ್ದಾಗ ಅಕ್ಷರಗಳಿಗೆ ಸೀಮೆಸುಣ್ಣ ಸವರುವ ರೂಢಿಯೂ ಒಂದು ಕಾಲಕ್ಕೆ ನಮ್ಮಲ್ಲಿತ್ತು, ನಾನೂ ಸವರಿದ್ದೇನೆ. ಆ ದಂಡೆಯಲ್ಲಿ ಅದೆಲ್ಲ ನಿಷಿದ್ಧ. ಚರ್ಮದ ಎಣ್ಣೆ ಪೊರೆಗೆ ಹತ್ತುತ್ತದೆ, ಸಾವಿರ ಜನ ಸವರಿದರೆ ಗೆರೆ ಮಾಸುತ್ತದೆ. ಕಾಗದ ಒತ್ತಿ ಅಚ್ಚು ತೆಗೆಯುವುದಂತೂ ದೂರದ ಮಾತು. ನನ್ನ ಚೀಲದ ಬ್ರಷ್ಷು, ಕಾಗದ ಮನೆಯಲ್ಲೇ ಉಳಿದವು. ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಡೆಯುವುದನ್ನು ಅರವತ್ತೆರಡನೆಯ ವಯಸ್ಸಿನಲ್ಲಿ ಕಲಿತೆ.

ಇವನ್ನು ಮಾಡಿದವರು ಯಾರು? ಈ ಚಿತ್ರಗಳಲ್ಲಿ ಹೆಚ್ಚಿನವು ಸುಮಾರು 1300ರಿಂದ 1680ರ ನಡುವೆ, ಇಂದಿನ ಪ್ವೆಬ್ಲೊ ಜನರ ಪೂರ್ವಿಕರು ಮಾಡಿದವು. ಪ್ವೆಬ್ಲೊ ಎಂದರೆ ಸ್ಪ್ಯಾನಿಷ್ ಭಾಷೆಯಲ್ಲಿ ಊರು. ಅಲೆಮಾರಿಗಳಲ್ಲದೆ, ಮಣ್ಣು ಕಲ್ಲಿನ ಅಂತಸ್ತಿನ ಮನೆಗಳಲ್ಲಿ ಒಂದೇ ಊರಾಗಿ ಬದುಕುತ್ತಿದ್ದ ಈ ಬೇಸಾಯದ ಜನರನ್ನು ಕಂಡು ಸ್ಪೇನಿನವರು ಹಾಗೆ ಕರೆದರು. ಜೋಳವೆಂದರೆ ನಾವು ಮೆಕ್ಕೆಜೋಳ ಎನ್ನುವುದು, ಅದರ ಜೊತೆ ಹುರುಳಿಕಾಯಿ, ಕುಂಬಳ, ಇವರ ಅನ್ನ. ಅಲ್ಬುಕರ್ಕಿಯಲ್ಲಿ ವರ್ಷಕ್ಕೆ ಬೀಳುವ ಮಳೆ ಒಂಬತ್ತು ಇಂಚಿನ ಆಸುಪಾಸು. ಇಷ್ಟು ಮಳೆಯಲ್ಲಿ ಬೆಳೆ ತೆಗೆದವರಿಗೆ ಮೋಡ ಎಂಬುದು ಎಷ್ಟು ದೊಡ್ಡ ಸಂಗತಿಯಾಗಿತ್ತೆಂದು ನಮ್ಮ ಬಯಲುಸೀಮೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. 1276ರಿಂದ 1299ರವರೆಗೆ ವಾಯವ್ಯದ ಮೆಸಾ ವರ್ಡೆ ಸೀಮೆಯಲ್ಲಿ ದೀರ್ಘ ಬರ ಬಂತು; ಮರಗಳ ಬಳೆಗಳನ್ನು ಎಣಿಸಿ ಇದನ್ನು ವರ್ಷದ ಲೆಕ್ಕದಲ್ಲಿ ಗುರುತಿಸಿದ್ದಾರೆ. ಬರ ಒಂದೇ ಕಾರಣವಲ್ಲದಿರಬಹುದು. ಆದರೆ ಜನ ಊರು ಬಿಟ್ಟರು, ಅನೇಕರು ಈ ನದಿಯ ದಡಕ್ಕೆ ಬಂದರು. ದಂಡೆಯ ಮೇಲೆ ಚಿತ್ರಗಳು ಒಮ್ಮೆಲೆ ಹೆಚ್ಚಾಗುವುದೂ ಆ ಹೊತ್ತಿಗೇ.

ಹಳೆಯ ಪುಸ್ತಕಗಳಲ್ಲಿ ಈ ಪೂರ್ವಿಕರಿಗೆ ಅನಸಾಜಿ ಎಂಬ ಹೆಸರಿದೆ. ಅದು ನವಾಹೊ ಜನರ ಮಾತು. ಹಗೆಗಳ ಹಿರಿಯರು ಎಂಬಂಥ ಅರ್ಥ ಅದಕ್ಕೆ. ತಮ್ಮ ಅಜ್ಜ ಮುತ್ತಜ್ಜರನ್ನು ಪಕ್ಕದವರ ಮಾತಿನಲ್ಲಿ ಹಗೆಗಳೆಂದು ಕರೆಸಿಕೊಳ್ಳಲು ಯಾರಿಗೆ ಇಷ್ಟ? ಆ ಹೆಸರನ್ನು ಪ್ವೆಬ್ಲೊ ಜನ ಬೇಡವೆಂದರು; ಈಗ ಪೂರ್ವಿಕ ಪ್ವೆಬ್ಲೊ ಎನ್ನುವುದೇ ರೂಢಿ. ಅಳಿದುಹೋದ ನಾಗರಿಕತೆ ಎಂಬ ಮಾತನ್ನೂ ದಯವಿಟ್ಟು ಬಿಟ್ಟುಬಿಡೋಣ. ನ್ಯೂ ಮೆಕ್ಸಿಕೊದಲ್ಲಿ ಇಂದು 19 ಪ್ವೆಬ್ಲೊಗಳಿವೆ, ಅರಿಜೋನಾದಲ್ಲಿ ಹೋಪಿಗಳಿದ್ದಾರೆ. ಕೆರೆಸ್, ತಿವಾ, ತೇವಾ, ತೋವಾ, ಜೂನಿ, ಹೋಪಿ ಎಂದು ಅವರಿಗೆ ಆರು ಭಾಷೆ. ಆ ಗುಂಡುಗಳನ್ನು ಕುಟ್ಟಿದವರ ಮಕ್ಕಳು ನದಿಯಾಚೆಯ ಸಾಂಡಿಯಾ ಪ್ವೆಬ್ಲೊದಲ್ಲಿ, ಇಸ್ಲೆಟಾದಲ್ಲಿ, ಸಾಂತಾ ಆನಾದಲ್ಲಿ ಮನೆ ಮಾಡಿಕೊಂಡು ಇದ್ದಾರೆ.

ನೀವು ಗಮನಿಸಿರಬಹುದು, ಇಂದು ನನ್ನ ಹಿಂದಿನ ಪರದೆ ಖಾಲಿಯಾಗಿದೆ. ಚಿತ್ರ ತೋರಿಸಿ ಎಂದು ಸಂಘಟಕರು ಪ್ರೀತಿಯಿಂದ ಕೇಳಿದ್ದರು. ನಾನೇ ಬೇಡವೆಂದೆ. ಆ ದಂಡೆಯ ಮೇಲೆ ಮುಖವಾಡದ ರೂಪಗಳಿವೆ, ಪ್ವೆಬ್ಲೊ ಧರ್ಮದಲ್ಲಿ ಅವು ಬಹಳ ಗೌಪ್ಯವಾದವು. ಯಾವುದನ್ನು ತೋರಬಹುದು, ಯಾವುದನ್ನು ತೋರಬಾರದು ಎಂದು ತೀರ್ಮಾನಿಸುವ ಅಧಿಕಾರ ನನಗಿಲ್ಲ. ಆದ್ದರಿಂದ ಮಾತಿನಲ್ಲಿ ಹೇಳುತ್ತೇನೆ, ಅದೂ ಸ್ಮಾರಕದವರು ಎಲ್ಲರಿಗೂ ತೆರೆದಿಟ್ಟ ದಾರಿಯ ಬದಿಯಲ್ಲಿ ಇರುವಂಥವನ್ನು.

ಹಕ್ಕಿಗಳಿವೆ. ಅವುಗಳಲ್ಲಿ ಕೊಕ್ಕು ಬಾಗಿದ, ಬಾಲ ನೀಳವಾದ ಒಂದು ಹಕ್ಕಿಯನ್ನು ಮಕಾ ಗಿಳಿ ಎಂದು ಗುರುತಿಸುತ್ತಾರೆ. ಕೆಂಪು ಮಕಾ ಆ ಮರುಭೂಮಿಯ ಹಕ್ಕಿಯಲ್ಲ. ಅದರ ಕಾಡು ಇರುವುದು ತೆಂಕಣ ಮೆಕ್ಸಿಕೊದ ಕಡೆ, ಸಾವಿರ ಮೈಲಿಯ ಆಚೆ. ಆದರೆ ಚಾಕೊ ಕಣಿವೆಯ ಪ್ವೆಬ್ಲೊ ಬೊನಿಟೊ ಎಂಬ ಮಹಾಗೃಹದ ಉತ್ಖನನದಲ್ಲಿ ಮೂವತ್ತರಷ್ಟು ಮಕಾಗಳ ಎಲುಬು ಸಿಕ್ಕಿವೆ. ಕುದುರೆಯಿಲ್ಲದ, ಗಾಡಿಯಿಲ್ಲದ ಆ ಕಾಲದಲ್ಲಿ ಜೀವಂತ ಗಿಳಿಯನ್ನು ಬೆನ್ನ ಮೇಲೆ ಹೊತ್ತು, ಅದಕ್ಕೆ ನೀರು ಕಾಳು ಕೊಟ್ಟು, ಚಳಿಗೆ ಸಾಯದಂತೆ ನೋಡಿಕೊಂಡು ಕಾಲ್ನಡೆಯಲ್ಲಿ ತಂದವರಿದ್ದರು. ಆ ಕಪ್ಪು ಗುಂಡಿನ ಮುಂದೆ ನಾನು ಬಹಳ ಹೊತ್ತು ನಿಂತದ್ದು ಆ ಹೊತ್ತು ತಂದವರನ್ನು ನೆನೆದು.

ಅಂಗೈಗಳಿವೆ. ಸುರುಳಿಗಳಿವೆ. ಕೊಳಲೂದುವವನಿದ್ದಾನೆ, ಅಂಗಡಿಗಳವರು ಅವನನ್ನು ಕೀಲಿಗೊಂಚಲಿನಿಂದ ಬಾಗಿಲ ಮ್ಯಾಟಿನವರೆಗೆ ಎಲ್ಲದರ ಮೇಲೂ ಅಚ್ಚು ಹಾಕಿ ಮಾರುತ್ತಾರೆ, ಅದು ನೋಯಿಸುವ ನೋಟ. ಕೊಂಬುಳ್ಳ ಹಾವಿದೆ, ನೀರಿನೊಡನೆ ಸಂಬಂಧವಿರುವ ಈ ಹಾವಿಗೆ ತೇವಾ ಭಾಷೆಯಲ್ಲಿ ಅವಾನ್ಯು ಎನ್ನುತ್ತಾರೆ. ಕೆಲವು ಕಡೆ ಶಿಲುಬೆಗಳೂ ದನಕುರಿಗಳಿಗೆ ಹಾಕುವ ಬರೆಗುರುತುಗಳೂ ಇವೆ, ಆಮೇಲೆ ಬಂದ ಸ್ಪೇನಿನ ಕುರಿಗಾಹಿಗಳು ಕೊರೆದವು. ಇನ್ನೂ ಆಮೇಲೆ ಬಂದವರು ಗುಂಡು ಹಾರಿಸಿ ಗುರಿ ಅಭ್ಯಾಸ ಮಾಡಿದ ಗಾಯಗಳೂ ಇವೆ.

ಹಾಗಾದರೆ ಸುರುಳಿಯ ಅರ್ಥವೇನು? ಇದೇ ನನ್ನ ಐದನೆಯ ಅಂಕಣದ ಪ್ರಶ್ನೆ. ಮಾಹಿತಿ ಕೇಂದ್ರದಲ್ಲಿ ಕೇಳಿದೆ. ಅರ್ಥ ಹೇಳುವ ಹಕ್ಕು ನಮ್ಮದಲ್ಲ, ಕೆಲವದರ ಅರ್ಥ ಇಂದಿನ ಪ್ವೆಬ್ಲೊಗಳಿಗೆ ಗೊತ್ತು, ಗೊತ್ತಿರುವುದನ್ನೆಲ್ಲ ಅವರು ಹೊರಗೆ ಹೇಳುವುದಿಲ್ಲ ಎಂಬ ಉತ್ತರ ಬಂತು. ಮೊದಲು ನನಗೆ ನಿರಾಸೆಯಾಯಿತು, ಒಳಗೊಳಗೇ ಸ್ವಲ್ಪ ಸಿಟ್ಟೂ ಬಂತು. ಜ್ಞಾನವನ್ನು ಬಚ್ಚಿಡುವುದು ತಪ್ಪೆಂದು ನಂಬಿಕೊಂಡು ಬಂದ ಮೇಷ್ಟರು ನಾನು.

ಸಿಟ್ಟು ಇಳಿದದ್ದು ಅವರ ಇತಿಹಾಸ ಓದಿದ ಮೇಲೆ. 1598ರಲ್ಲಿ ಹುವಾನ್ ದೆ ಓನ್ಯಾಟೆ ಎಂಬ ಸ್ಪ್ಯಾನಿಷ್ ಸಾಹಸಿ ಈ ಸೀಮೆಗೆ ನೆಲೆಯೂರಲು ಬಂದ. ಬಂದ ಪಾದ್ರಿಗಳಿಗೆ ಪ್ವೆಬ್ಲೊಗಳ ಪೂಜೆ ಸೈತಾನನ ಕೆಲಸವಾಗಿ ಕಂಡಿತು. ಮುಖವಾಡಗಳನ್ನು ಸುಟ್ಟರು, ಕಿವಾ ಎಂಬ ಅವರ ಪೂಜಾಗೃಹಗಳನ್ನು ಹಾಳುಗೆಡವಿದರು. 1675ರಲ್ಲಿ 47 ಮಂದಿ ಧಾರ್ಮಿಕ ಮುಖಂಡರನ್ನು ಹಿಡಿದು ಕೆಲವರನ್ನು ಗಲ್ಲಿಗೇರಿಸಿದರು, ಉಳಿದವರನ್ನು ಚಾವಟಿಯಿಂದ ಹೊಡೆದರು. ಹೊಡೆತ ತಿಂದವರಲ್ಲಿ ಪೊಪೇ ಎಂಬವನಿದ್ದ. ಐದು ವರ್ಷದ ಮೇಲೆ ಅವನು ಮತ್ತು ಅವನ ಜೊತೆಗಾರರು ಗಂಟು ಹಾಕಿದ ದಾರಗಳನ್ನು ಓಟಗಾರರ ಕೈಯಲ್ಲಿ ಊರೂರಿಗೆ ಕಳಿಸಿದರು. ದಿನಕ್ಕೊಂದು ಗಂಟು ಬಿಚ್ಚಬೇಕು, ಕೊನೆಯ ಗಂಟು ಬಿಚ್ಚಿದ ದಿನ ಏಳಬೇಕು. 1680ರ ಆಗಸ್ಟ್ 10ರಂದು ಬೇರೆ ಬೇರೆ ಭಾಷೆಯಾಡುವ ಊರುಗಳು ಒಟ್ಟಿಗೆ ಎದ್ದವು. ಸ್ಪೇನಿನವರು ಓಡಿಹೋದರು, ಹನ್ನೆರಡು ವರ್ಷ ತಿರುಗಿ ಬರಲಾಗಲಿಲ್ಲ. ಅಕ್ಷರವಿಲ್ಲದ ಸಂದೇಶವೊಂದು ಹೀಗೆ ನೂರಾರು ಮೈಲಿ ಓಡಿ ತನ್ನ ಕೆಲಸ ಮುಗಿಸಿದ ಕತೆ ಶಾಸನಗಳನ್ನೇ ನೆಚ್ಚಿದ ನನ್ನಂಥವನನ್ನು ಬಹಳ ದಿನ ಕಾಡಿತು.

ಸ್ಪೇನಿನವರ ನಂತರವೂ ಕಷ್ಟ ತಪ್ಪಲಿಲ್ಲ. 1921ರಲ್ಲಿ, ಮತ್ತೆ 1923ರಲ್ಲಿ, ಅಮೆರಿಕ ಸರ್ಕಾರದ ಇಂಡಿಯನ್ ವ್ಯವಹಾರಗಳ ಕಮಿಷನರು ಮೂಲನಿವಾಸಿಗಳ ಆರಾಧನಾ ನೃತ್ಯಗಳಿಗೆ ಕಡಿವಾಣ ಹಾಕುವ ಸುತ್ತೋಲೆ ಹೊರಡಿಸಿದರು. ಅವರ ಧರ್ಮಾಚರಣೆಯ ಸ್ವಾತಂತ್ರ್ಯವನ್ನು ಮನ್ನಿಸುವ ಕಾಯ್ದೆ ಬಂದದ್ದು 1978ರಲ್ಲಿ. ಮುನ್ನೂರೈವತ್ತು ವರ್ಷ, ಹೇಳಿದ್ದೆಲ್ಲ ತಮ್ಮ ಮೇಲೇ ತಿರುಗಿಬಿದ್ದುದನ್ನು ಕಂಡವರು ಹೇಳದಿರುವುದನ್ನು ಕಲಿತರು. ಅವರ ಮೌನ ಅವರನ್ನು ಕಾಪಾಡಿದೆ. ಅದನ್ನು ಬಿಡಿಸಲು ನಾನು ಯಾರು?

ಒಂದು ಮಧ್ಯಾಹ್ನ ರಿಂಕೊನಾಡಾ ಎಂಬ ಕಣಿವೆಯಲ್ಲಿ ನಡೆಯುತ್ತಿದ್ದೆವು. ಮೂಲೆ ಎಂದು ಅದರ ಅರ್ಥ. ಎರಡೂಕಾಲು ಮೈಲಿಯ ಮರಳ ದಾರಿ, ಬದಿಯ ಇಳಿಜಾರಿನಲ್ಲಿ ಮುನ್ನೂರರಷ್ಟು ಚಿತ್ರ ನೋಡಸಿಗುತ್ತವೆ. ತಿರುವಿನ ಆಚೆ ಒಂದು ಕುಟುಂಬ ನಿಂತಿತ್ತು. ವಯಸ್ಸಾದ ಒಬ್ಬ ಹೆಂಗಸು, ಅವರ ಪಕ್ಕ ಒಬ್ಬ ಯುವಕ, ಒಂದು ಸಣ್ಣ ಹುಡುಗಿ. ಹೆಂಗಸು ಕಲ್ಲಿಗೆ ಮುಖ ಮಾಡಿ ತಗ್ಗಿದ ದನಿಯಲ್ಲಿ ಏನೋ ಹೇಳುತ್ತಿದ್ದರು. ನಾನು ಮುಂದೆ ಹೆಜ್ಜೆ ಇಡಲಿಲ್ಲ. ಗರ್ಭಗುಡಿಯ ಮುಂದೆ ಯಾರೋ ಕಣ್ಣುಮುಚ್ಚಿ ನಿಂತಿದ್ದರೆ ನಾವು ಹಿಂದೆ ನಿಲ್ಲುವುದಿಲ್ಲವೆ, ಹಾಗೆ ಕಾಲು ನಿಂತಿತು. ನಾವಿಬ್ಬರೂ ತಿರುಗಿ ಬಂದು ಒಂದು ಪೊದೆಯ ನೆರಳಲ್ಲಿ ಕೂತೆವು. ಈ ಜ್ವಾಲಾಮುಖಿಗಳೂ ಈ ದಂಡೆಯೂ ಪ್ವೆಬ್ಲೊ ಜನರಿಗೆ ಇಂದಿಗೂ ಪೂಜೆಯ ನೆಲ ಎಂದು ಓದಿ ತಿಳಿದಿದ್ದೆ. ಆದರೂ ಅಲ್ಲಿಯವರೆಗೆ ನನ್ನ ಮನಸ್ಸಿನಲ್ಲಿ ಅದು ವಸ್ತುಸಂಗ್ರಹಾಲಯವೇ ಆಗಿತ್ತು.

ಆ ವಾರದ ಕೊನೆಗೆ ಪಡುವಲಿಗೆ ಎರಡು ಗಂಟೆಯ ದಾರಿ ಸವೆಸಿ ಎಲ್ ಮೊರ್ರೊಗೆ ಹೋದೆವು. ಮರಳುಗಲ್ಲಿನ ಭಾರಿ ಬಂಡೆ, ಬಯಲಿನಿಂದ ಇನ್ನೂರು ಅಡಿ ನೆಟ್ಟಗೆ ಎದ್ದು ನಿಂತಿದೆ. ಬುಡದಲ್ಲಿ ಮಳೆ ಮತ್ತು ಹಿಮದ ನೀರು ನಿಲ್ಲುವ ಒಂದು ಕೊಳ. ಒಣನಾಡಿನಲ್ಲಿ ನಂಬಬಹುದಾದ ನೀರು ಅದೊಂದೇ ಆದ್ದರಿಂದ ಆ ದಾರಿಯಲ್ಲಿ ಹೋದವರೆಲ್ಲ ಅಲ್ಲಿ ತಂಗಿದರು. ಬಂಡೆಯ ನೆತ್ತಿಯ ಮೇಲೆ 1275ರ ಸುಮಾರಿಗೆ ಕಟ್ಟಿದ, 875 ಕೋಣೆಗಳ ಊರಿನ ಹಾಳು ಇದೆ. ಅದನ್ನು ಕಟ್ಟಿದ ಜೂನಿ ಪೂರ್ವಿಕರು ಬುಡದ ಕಲ್ಲಿನಲ್ಲಿ ಕಾಡುಕುರಿಗಳನ್ನೂ ಅಂಗೈಗಳನ್ನೂ ಕುಟ್ಟಿಟ್ಟರು. ಆ ಚಿತ್ರಗಳ ಪಕ್ಕದಲ್ಲೇ ಓನ್ಯಾಟೆ ಬರೆಸಿದ ಶಾಸನವಿದೆ. ದಕ್ಷಿಣ ಸಮುದ್ರವನ್ನು ಕಂಡು ತಿರುಗುವಾಗ 1605ರ ಏಪ್ರಿಲ್ 16ರಂದು ಇಲ್ಲಿ ಹಾದುಹೋದೆ ಎಂದು ಅದರ ತಾತ್ಪರ್ಯ.

ಮೂರು ವಾರಗಳಲ್ಲಿ ನನ್ನ ಐದೂ ಅಂಕಣ ತುಂಬಿದ್ದು ಆ ಒಂದು ಕಲ್ಲಿನ ಮುಂದೆ ಮಾತ್ರ. ಸ್ಥಳ ಇದೆ, ತೇದಿ ಇದೆ, ಒಡೆಯನ ಹೆಸರಿದೆ, ಲಿಪಿ ಇದೆ, ಪಾಠ ಇದೆ. ಆದರೆ ಆ ಪಾಠದಲ್ಲಿ ಇಲ್ಲದ್ದೂ ಒಂದಿದೆ. ಎಲ್ ಮೊರ್ರೊಗೆ ಹೋಗುವ ದಾರಿಯಲ್ಲೇ ಆಕೊಮಾ ಎಂಬ ಪ್ವೆಬ್ಲೊ ಇದೆ, ಎತ್ತರದ ಬಂಡೆಯ ನೆತ್ತಿಯ ಮೇಲಿನ ಊರು. 1599ರ ಜನವರಿಯಲ್ಲಿ ಓನ್ಯಾಟೆಯ ಸೈನ್ಯ ಅದನ್ನು ಮುತ್ತಿ ನೂರಾರು ಜನರನ್ನು ಕೊಂದಿತು. ಉಳಿದವರಲ್ಲಿ ಇಪ್ಪತ್ತೈದು ದಾಟಿದ ಗಂಡಸರಿಗೆ ಒಂದು ಪಾದ ಕಡಿಯುವ ಮತ್ತು ಇಪ್ಪತ್ತು ವರ್ಷ ಜೀತದ ಶಿಕ್ಷೆಯನ್ನು ಓನ್ಯಾಟೆ ವಿಧಿಸಿದ. ಈ ಕ್ರೌರ್ಯಕ್ಕಾಗಿ ಅವನದೇ ಸರ್ಕಾರ ಅವನನ್ನು ವಿಚಾರಿಸಿ 1614ರಲ್ಲಿ ನ್ಯೂ ಮೆಕ್ಸಿಕೊದಿಂದ ಬಹಿಷ್ಕರಿಸಿತು. ಕಲ್ಲಿನ ಮೇಲೆ ಇರುವುದು ಸಮುದ್ರ ಮಾತ್ರ. ನಮ್ಮ ಶಾಸನಗಳಲ್ಲೂ ಗೆದ್ದವರ ಬಿರುದುಗಳನ್ನು ನಾನು ಎಷ್ಟೊಂದು ಉತ್ಸಾಹದಿಂದ ಬಿಡಿಸಿ ಓದಿದ್ದೇನೆಂದು ಅಲ್ಲಿ ನೆನಪಾಯಿತು.

1849ರ ಸೆಪ್ಟೆಂಬರಿನಲ್ಲಿ ಸಿಂಪ್ಸನ್ ಎಂಬ ಸೇನಾಧಿಕಾರಿ, ಕರ್ನ್ ಎಂಬ ಚಿತ್ರಕಾರ ಅಲ್ಲಿಗೆ ಬಂದು ಎರಡು ದಿನ ಕೂತು ಬರಹಗಳನ್ನೆಲ್ಲ ನಕಲು ಮಾಡಿದರು. ನನ್ನ ಕಸುಬಿನವರೇ. ಹೋಗುವ ಮುನ್ನ, ತಾವು ಬಂದು ನಕಲು ಮಾಡಿಕೊಂಡ ಸಂಗತಿಯನ್ನು ಅದೇ ಬಂಡೆಯ ಮೇಲೆ ಕೊರೆದೂ ಹೋದರು. 1906ರಲ್ಲಿ ಎಲ್ ಮೊರ್ರೊ ರಾಷ್ಟ್ರೀಯ ಸ್ಮಾರಕವಾದ ಮೇಲೆ ಕೊರೆಯುವುದು ಅಪರಾಧವಾಯಿತು. ಆಮೇಲೆ ಕೊರೆದವನ್ನು ಕಾವಲಿನವರು ಉಜ್ಜಿ ಅಳಿಸಿದರು. ಮಾಸುತ್ತಿದ್ದ ಹಳೆಯ ಅಕ್ಷರಗಳು ಎದ್ದು ಕಾಣಲೆಂದು ಪೆನ್ಸಿಲಿನಿಂದ ತಿದ್ದಿದ್ದೂ ಉಂಟು. ಒಳ್ಳೆಯ ಮನಸ್ಸಿನಿಂದಲೇ ಮಾಡಿದರು. ನನ್ನ ಸೀಮೆಸುಣ್ಣವೂ ಒಳ್ಳೆಯ ಮನಸ್ಸಿನದೇ.

ಇಲ್ಲಿ ಒಂದು ಮಾತು ಸೇರಿಸದಿದ್ದರೆ ಅಪ್ರಾಮಾಣಿಕನಾಗುತ್ತೇನೆ. ನೆತ್ತಿಯ ಮೇಲಿನ ಆ ಊರಿಗೆ ಅತ್ಸಿನ್ನಾ ಎಂದು ಹೆಸರು. ಬಂಡೆಯ ಮೇಲೆ ಬರಹವಿರುವ ಜಾಗ ಎಂದು ಜೂನಿ ಭಾಷೆಯಲ್ಲಿ ಅದರ ಅರ್ಥ. ಹಾಗಾದರೆ ಅವರೂ ಇವನ್ನು ಬರಹ ಎಂದೇ ಕರೆಯುತ್ತಾರೆ! ನನ್ನ ಶಾಸನದ ಬುದ್ಧಿ ಮತ್ತೆ ತಲೆಯೆತ್ತಿತು. ಎರಡು ದಿನ ಇದನ್ನೇ ಯೋಚಿಸಿದೆ. ಇಂದು ನನಗೆ ತೋರುವುದು ಇಷ್ಟು: ಬರಹವೆಂದರೆ ಎಲ್ಲರೂ ಓದಲೆಂದೇ ಇರುವುದು ಎಂಬ ಲೆಕ್ಕ ನನ್ನದು. ಮನೆಯವರು ಮನೆಯವರಿಗೆ ಬರೆದದ್ದೂ ಬರಹವೇ.

ಕೊನೆಯ ವಾರ ಚಾಕೊ ಕಣಿವೆ. ಅಲ್ಬುಕರ್ಕಿಯಿಂದ ಮೂರು ಗಂಟೆ, ಕೊನೆಯ ಹದಿಮೂರು ಮೈಲಿ ಮಣ್ಣುದಾರಿ. ಸುಮಾರು 850ರಿಂದ 1250ರವರೆಗೆ ಪ್ವೆಬ್ಲೊ ಪೂರ್ವಿಕರ ದೊಡ್ಡ ನೆಲೆಯಾಗಿದ್ದ ಇದು 1987ರಿಂದ ವಿಶ್ವ ಪರಂಪರೆಯ ತಾಣ. ಮಹಾಗೃಹಗಳ ಬಗ್ಗೆಯೇ ಒಂದು ಉಪನ್ಯಾಸ ಬೇಕು, ಅದನ್ನು ಬಿಡುತ್ತೇನೆ. ನಾನು ಹೇಳಬೇಕಾದ್ದು ಕಣಿವೆಯ ಬಾಯಲ್ಲಿ ಒಂಟಿಯಾಗಿ ನಿಂತ ಫಹಾಡಾ ಎಂಬ ಗುಡ್ಡದ ಕತೆ.

1977ರ ಜೂನ್ ಕೊನೆಯಲ್ಲಿ ಆನಾ ಸೋಫೇರ್ ಎಂಬ ಕಲಾವಿದೆ ಕುಟ್ಟುಚಿತ್ರಗಳ ದಾಖಲೆಗೆಂದು ಆ ಗುಡ್ಡ ಹತ್ತಿದರು. ಮೇಲೆ, ಗೋಡೆಗೆ ಒರಗಿ ನಿಂತ ಮೂರು ದೊಡ್ಡ ಕಲ್ಲುಚಪ್ಪಡಿಗಳ ಹಿಂದೆ ಒಂದು ದೊಡ್ಡ ಸುರುಳಿ, ಒಂದು ಸಣ್ಣ ಸುರುಳಿ. ಹೊತ್ತು ನೆತ್ತಿಗೆ ಬರುವ ಸಮಯ. ಚಪ್ಪಡಿಗಳ ಸಂದಿನಿಂದ ಇಳಿದ ಬಿಸಿಲಿನ ಸಣ್ಣ ಅಲಗೊಂದು ದೊಡ್ಡ ಸುರುಳಿಯನ್ನು ಸೀಳುತ್ತ ಹೋಯಿತು. ಬೇಸಿಗೆಯ ಆಯನ ಸಂಕ್ರಮಣದ ದಿನ ಆ ಅಲಗು ಸುರುಳಿಯ ನಟ್ಟನಡುವೆ ಇಳಿಯುತ್ತದೆ. ಚಳಿಗಾಲದ ಸಂಕ್ರಮಣದ ದಿನ ಎರಡು ಅಲಗುಗಳು ಸುರುಳಿಯನ್ನು ಎರಡೂ ಬದಿಯಿಂದ ಹಿಡಿದು ನಿಲ್ಲುತ್ತವೆ. ಹಗಲಿರುಳು ಸಮವಾದ ದಿನಗಳಿಗೆ ಸಣ್ಣ ಸುರುಳಿಯ ನಡುವೆ ಒಂದು ಅಲಗು. 1979ರಲ್ಲಿ ಅವರು ಮತ್ತು ಅವರ ಸಂಗಡಿಗರು ಸೈನ್ಸ್ ಪತ್ರಿಕೆಯಲ್ಲಿ ಇದನ್ನು ಪ್ರಕಟಿಸಿದರು. ದೊಡ್ಡ ಸುರುಳಿಯ ಒಂಬತ್ತೂವರೆ ಸುತ್ತುಗಳಿಗೂ ಚಂದ್ರನ 18.6 ವರ್ಷದ ಚಕ್ರಕ್ಕೂ ನಂಟಿದೆ ಎಂಬುದು ಅವರ ವಾದ. ಚಪ್ಪಡಿಗಳನ್ನು ಜನರೇ ನಿಲ್ಲಿಸಿದರೋ, ಬಿದ್ದು ನಿಂತವನ್ನು ಬಳಸಿಕೊಂಡರೋ ಎಂಬ ಚರ್ಚೆ ಬೇರೆ ನಡೆಯಿತು. ಬಿಸಿಲಿನ ಅಲಗಿನ ಹೆಸರು ಜಗತ್ತಿಗೆ ಹರಡಿತು.

ಜನ ಬಂದರು. ವಿದ್ವಾಂಸರು ಬಂದರು, ಕ್ಯಾಮೆರಾಗಳು ಬಂದವು. ಆ ಇಕ್ಕಟ್ಟಿನ ಜಾಗದಲ್ಲಿ ನಿಂತ ಕಾಲುಗಳ ಕೆಳಗೆ ಚಪ್ಪಡಿಗಳ ಬುಡದ ಮಣ್ಣು ಸ್ವಲ್ಪಸ್ವಲ್ಪವಾಗಿ ಜಾರಿತು. 1989ರಲ್ಲಿ ಚಪ್ಪಡಿಗಳು ಕದಲಿರುವುದು ಗೊತ್ತಾಯಿತು. ಅಲಗು ಈಗ ಇಳಿಯಬೇಕಾದಲ್ಲಿ ಇಳಿಯುವುದಿಲ್ಲ. ಶತಮಾನಗಳ ಕಾಲ ಸೂರ್ಯನ ಜೊತೆ ತಪ್ಪದೆ ನಡೆದದ್ದು ನಾವು ಕಂಡುಹಿಡಿದ ಹನ್ನೆರಡು ವರ್ಷಗಳಲ್ಲಿ ತಪ್ಪಿತು.

ಫಹಾಡಾ ಗುಡ್ಡ ಈಗ ಸಂದರ್ಶಕರಿಗೆ ಮುಚ್ಚಿದೆ. ನಾವು ರಸ್ತೆಯ ಬದಿಗೆ ಕಾರು ನಿಲ್ಲಿಸಿ ದೂರದಿಂದ ನೋಡಿದೆವು. ಅಲ್ಲಿಂದ ಸುರುಳಿ ಕಾಣುವುದಿಲ್ಲ, ಚಪ್ಪಡಿಯೂ ಕಾಣುವುದಿಲ್ಲ. ಬಿಸಿಲಿಗೆ ಕೆಂಪಾದ ಗುಡ್ಡ ಕಾಣುತ್ತದೆ ಅಷ್ಟೆ. ಮಗಳು “ಇಷ್ಟು ದೂರ ಬಂದೂ ನೋಡೋಕೆ ಆಗಲಿಲ್ವಲ್ಲಪ್ಪ” ಎಂದು ಬೇಸರಿಸಿದಳು. ಹೋಗಲಾಗದಿರುವುದೇ ಸರಿ ಎಂದು ನನಗೆ ಅನ್ನಿಸಿತು. ಆ ಮಾತನ್ನು ನಾನು ಮೂರು ವಾರದ ಹಿಂದೆ ಆಡುತ್ತಿರಲಿಲ್ಲ.

ಹಿಂದಿರುಗಿದ ಮರುದಿನ ಪಿಯೆಡ್ರಾಸ್ ಮಾರ್ಕಾಡಾಸ್, ಅಂದರೆ ಗುರುತಿನ ಕಲ್ಲುಗಳ ಕಣಿವೆಗೆ ಹೋದೆವು. ಅಲ್ಲಿ ಊರು ಮತ್ತು ಕಲ್ಲಿನ ನಡುವೆ ಒಂದು ಬೇಲಿಯಷ್ಟೇ ಅಂತರ. ಒಂದು ಕಡೆ ಮನೆಗಳ ಹಿತ್ತಿಲು, ಇನ್ನೊಂದು ಕಡೆ ಆರುನೂರು ವರ್ಷದ ಹಕ್ಕಿ. ಉತ್ತರದಲ್ಲಿ ದಂಡೆಯನ್ನು ಸೀಳಿಕೊಂಡು ಒಂದು ಹೆದ್ದಾರಿ ಹೋಗುತ್ತದೆ. ಅದಕ್ಕಾಗಿ 1998ರಲ್ಲಿ ಅಮೆರಿಕದ ಕಾಂಗ್ರೆಸ್ಸು ಕಾನೂನು ಮಾಡಿ ಎಂಟೂವರೆ ಎಕರೆಯನ್ನು ಸ್ಮಾರಕದಿಂದ ಹೊರಗೆ ತೆಗೆಯಿತು. ಪ್ವೆಬ್ಲೊ ಜನರೂ ಅವರ ಜೊತೆ ನಿಂತ ನಗರದವರೂ ವರ್ಷಗಟ್ಟಲೆ ವಿರೋಧಿಸಿದರು. 2007ರಲ್ಲಿ ರಸ್ತೆ ತೆರೆಯಿತು. ಏಳು ಸಾವಿರ ಎಕರೆಯಲ್ಲಿ ಎಂಟೂವರೆ ಎಷ್ಟರದು ಎಂದು ಕೇಳುವವರಿದ್ದಾರೆ. ಜ್ವಾಲಾಮುಖಿಗಳು, ದಂಡೆ, ನದಿ, ಆಚೆಯ ಸಾಂಡಿಯಾ ಬೆಟ್ಟ, ಇವೆಲ್ಲ ಸೇರಿ ಒಂದು ಜಾಗ ಎನ್ನುವವರಿಗೆ ಈ ಲೆಕ್ಕ ಹೇಗೆ ಒಪ್ಪಿಗೆಯಾದೀತು? ದೇವಸ್ಥಾನದ ಅಂಗಳದಲ್ಲಿ ಒಂದು ಮೊಳ ಜಾಗದಲ್ಲಿ ದಾರಿ ಬಿಟ್ಟರೂ ಅದು ದಾರಿಯೇ.

ನಮ್ಮ ಕುಪ್ಪಗಲ್ಲಿನ ಕತೆ ಇದಕ್ಕಿಂತ ಕಠಿಣ. ಅಲ್ಲಿ ಕಲ್ಲಿಗಾಗಿ ಕಲ್ಲನ್ನೇ ಒಡೆದಿದ್ದಾರೆ. ಎತ್ತಿನ ಚಿತ್ರವಿದ್ದ, ನಾದ ಕೊಡುತ್ತಿದ್ದ ಬಂಡೆಗಳ ಪಕ್ಕದವರೆಗೂ ಗಣಿಗಾರಿಕೆ ಬಂದದ್ದನ್ನು ಸಂಶೋಧಕರು ಬರೆದಿದ್ದಾರೆ. ಈ ಸಭೆಯಲ್ಲಿರುವ ವಿದ್ಯಾರ್ಥಿಗಳಲ್ಲಿ ಎಷ್ಟು ಮಂದಿ ಹಿರೇಗುಡ್ಡ ಹತ್ತಿದ್ದೀರಿ? ಹತ್ತಿ. ಅಲ್ಲಿನ ಎತ್ತುಗಳ ಮೇಲೂ ಸೀಮೆಸುಣ್ಣ ಸವರಬೇಡಿ.

ಹೊರಡುವ ಹಿಂದಿನ ದಿನ ಸಂಜೆ ಮತ್ತೆ ರಿಂಕೊನಾಡಾಗೆ ಹೋಗಿ ಟಿಪ್ಪಣಿ ಪುಸ್ತಕ ತೆರೆದೆ. ಹಳೆಯ ಅಭ್ಯಾಸದಂತೆ ಐದು ಅಂಕಣ ಎಳೆದೆ. ಕಾಲ, ಅರಸು, ಲಿಪಿ, ಪಾಠ, ನಾಲ್ಕೂ ಖಾಲಿ ಉಳಿದವು. ಯಾವಾಗಲೂ ಒಂದೇ ಸಾಲಿನಲ್ಲಿ ಮುಗಿಯುತ್ತಿದ್ದ ಮೊದಲನೆಯ ಅಂಕಣ ಆ ದಿನ ಪುಟ ತುಂಬಿ ಹಿಂಬದಿಗೂ ಹೋಯಿತು. ಅದರ ಕೊನೆಯ ಸಾಲುಗಳನ್ನು ನಿಮಗೆ ಓದುತ್ತೇನೆ.

“ಸ್ಥಳ: ರಿಂಕೊನಾಡಾ ಕಣಿವೆ. ಮೂಡಲಿಗೆ ಸಾಂಡಿಯಾ ಬೆಟ್ಟ, ನಡುವೆ ನದಿ. ಪಡುವಲಿಗೆ ದಿಣ್ಣೆಯ ಮೇಲೆ ಆರಿದ ಐದು ಬೆಂಕಿಬೆಟ್ಟ, ಇಲ್ಲಿಂದ ಕಾಣುವುದಿಲ್ಲ. ಕಪ್ಪು ಗುಂಡುಗಳು, ಬುಡದಲ್ಲಿ ಮರಳು, ಬೂದಿಬಣ್ಣದ ಕುರುಚಲು. ಮೋಡವಿಲ್ಲ. ನಡುಹಗಲಿನಲ್ಲಿ ಕಾಣದಿದ್ದ ಗೆರೆಗಳು ಬಿಸಿಲು ಓರೆಯಾದ ಮೇಲೆ ಕಂಡವು. ಮೊನ್ನೆ ಒಂದು ಕುಟುಂಬ ಬಂದಿತ್ತು. ನಾವು ದಾರಿ ಬಿಟ್ಟೆವು.”